ಇಳಿಜಾರಿನಲ್ಲಿ ಅಪ್ಪನ ಗುನುಗು

ನಮ್ಮ ಮನೆಯಲ್ಲಿ ಜಗಳ ಆಡಬೇಕಾದರೂ ಅಧ್ಯಕ್ಷರ ಅಪ್ಪಣೆ ಬೇಕು. ಅಧ್ಯಕ್ಷರೆಂದರೆ ನನ್ನ ಅಪ್ಪ ಇದ್ವಾಲ್. ಅಪ್ಪ ದುಡಿಯುತ್ತಿದ್ದ ಸ್ಲೇಟುಗಲ್ಲಿನ ಗಣಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವ ಒಂದು ಕಲ್ಲಿನ ಗುಡಿಸಲು ಇತ್ತು, ಅದಕ್ಕೆ ಕಬಾನ್ ಅನ್ನುತ್ತಿದ್ದರು. ಅಲ್ಲಿ ಗಣಿಯವರು ಕುದಿಸಿ ಕುದಿಸಿ ಕಪ್ಪಾದ ಟೀ ಕುಡಿಯುತ್ತ ಬೈಬಲ್ಲಿನಿಂದ ಹಿಡಿದು ಪಾರ್ಲಿಮೆಂಟಿನವರೆಗೆ ಎಲ್ಲವನ್ನೂ ಚರ್ಚೆ ಮಾಡುತ್ತಿದ್ದರಂತೆ. ಒಬ್ಬ ಅಧ್ಯಕ್ಷ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಕೊನೆಗೆ ಕೈ ಎತ್ತಿ ಮತ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅಪ್ಪ ಮಾತ್ರ ಕಬಾನನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಬಿಟ್ಟಿದ್ದಾನೆ.

ಅಧ್ಯಕ್ಷ ಮೇಜಿನ ತಲೆಕಡೆ ಕೂರಬೇಕು. ಅವನಿಗೆ ಮತವಿಲ್ಲ. ಹಾಕಲೇಬೇಕು ಅನ್ನಿಸಿದರೆ ಆ ಜಾಗ ಬಿಟ್ಟು ಎದ್ದು ಬರಬೇಕು. ಭಾನುವಾರದ ಅಕ್ಕಿ ಪಾಯಸವನ್ನು ಒಲೆಯೊಳಗಿಟ್ಟಾಗ ಮೇಲೆ ಕಂದಗೆ ಕಟ್ಟುತ್ತದಲ್ಲ ಕೆನೆ, ಅದು ಅಧ್ಯಕ್ಷರದು. ಈ ಕೊನೆಯ ನಿಯಮ ಗಣಿಯಲ್ಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಮಗಳು ಮಾಬ್ಲಿ ಇದನ್ನು ಕೇಳಿದಾಗಲೆಲ್ಲ ತಾತ, ಪಾಯಸ ಗಣಿಯೊಳಗೆ ಯಾರು ತರ್ತಿದ್ರು ಅಂತ ಕಾಲೆಳೆಯುತ್ತಾಳೆ. ಅಪ್ಪ ಕೇಳಿಸದವನ ಹಾಗೆ ಚಮಚ ನೆಕ್ಕುತ್ತಾನೆ.

ನಾನು ಗಾಲಿಕುರ್ಚಿ ಹತ್ತಿ ನಾಲ್ಕನೆಯ ವರ್ಷ. ನರಗಳ ಕಾಯಿಲೆ. ಕಾಲು ಮೊದಲು ಹೋಯಿತು, ಎಡಗೈ ಹೋಗುತ್ತಾ ಇದೆ. ಕುರ್ಚಿ ಬಂದ ಮೊದಲ ವರ್ಷ ನಾನು ಬಾಗಿಲಾಚೆ ಕಾಲಿಡಲಿಲ್ಲ, ಇಡುವ ಕಾಲೂ ಇರಲಿಲ್ಲ ಬಿಡಿ. ಬೀದಿಯವರು ತಲೆ ಒಂದು ಕಡೆ ವಾಲಿಸಿ ಮಾತಾಡಿಸುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಅಪ್ಪ ಕಬಾನ್ ಕರೆದ. ಇಂಗ್ಲಿಷ್ ರಾಜ ನಮ್ಮ ನಾಡು ಗೆದ್ದಮೇಲೆ ತೀರದುದ್ದಕ್ಕೂ ಇಷ್ಟೊಂದು ಕೋಟೆ ಯಾಕೆ ಕಟ್ಟಿಸಿದ ಅಂತ ಕೇಳಿದ. ನಮ್ಮನ್ನು ಹೊರಗಿಡುವುದಕ್ಕೆ ಅಂತ ತಾನೇ ಹೇಳಿದ.

"ಏಳುನೂರು ವರ್ಷದಿಂದ ನಮ್ಮನ್ನ ಹೊರಗೇ ಇಡ್ಬೇಕು ಅಂತ ನೋಡ್ತಾ ಇದಾನೆ ಅವ್ನು. ನೀನು ಮನೇಲಿ ಕೂತು ಅವನಿಗೆ ಸಹಾಯ ಮಾಡ್ತಾ ಇದೀಯ" ಅಂದ.

ಅವತ್ತಿನಿಂದ ಪ್ರತಿ ಶನಿವಾರ ಒಂದು ಕೋಟೆ. ನನ್ನ ಗಂಡ ಗೆರಾಲ್ಟ್ ಬಸ್ ಓಡಿಸುತ್ತಾನೆ. ಅವನ ಬಸ್ಸಿನಲ್ಲೇ ಹೋಗಿ ಅವನ ಬಸ್ಸಿನಲ್ಲೇ ಬರುತ್ತಿದ್ದೆವು. ಬುಟ್ಟಿಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್, ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಫ್ಲಾಸ್ಕಿನಲ್ಲಿ ಟೀ. ಗಾಲಿಕುರ್ಚಿಯವರ ಜೊತೆ ಬರುವವರಿಗೆ ಕೋಟೆಯಲ್ಲಿ ಟಿಕೆಟ್ ಇಲ್ಲ, ಅಪ್ಪನಿಗೆ ಅದೇ ದೊಡ್ಡ ಗೆಲುವು. ಟಿಕೆಟ್ ಕಿಟಕಿಯಲ್ಲಿ ಕೂತ ಹುಡುಗಿಗೆ, ನಾನು ಇವಳ ಕಾಲು, ಕಾಲಿಗೆಲ್ಲಿ ಟಿಕೆಟ್ ಅಂತ ಪ್ರತಿ ಸಲ ಹೇಳುತ್ತಿದ್ದ. ಬುರುಜು ಹತ್ತುವುದು ನನ್ನಿಂದಾಗದು. ನಾನು ಅಂಗಳದಲ್ಲಿ ಕೂತಿರುತ್ತಿದ್ದೆ, ಅಪ್ಪ ಹತ್ತಿ ಮೇಲಿನಿಂದ ಏನೇನು ಕಾಣುತ್ತದೆ ಅಂತ ಕೂಗಿ ಹೇಳುತ್ತಿದ್ದ. ಪ್ರವಾಸಿಗಳು ಬೆಚ್ಚಿ ತಿರುಗಿ ನೋಡುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಕುರ್ಚಿ ತಳ್ಳುವಾಗ ಅಪ್ಪ ಗುನುಗುತ್ತಾನೆ. ನಮ್ಮ ಪ್ರಾರ್ಥನಾಮಂದಿರದ, ಅಂದರೆ ಚಾಪೆಲ್ಲಿನ ಹಾಡು, ಅದರಲ್ಲೂ ಗಂಡಸರು ಹಾಡುವ ಕೆಳದನಿಯ ಭಾಗ. ಕುರ್ಚಿಯಲ್ಲಿ ಕೂತವರಿಗೆ ತಳ್ಳುವವರ ಮುಖ ಕಾಣುವುದಿಲ್ಲ. ಅಪ್ಪ ಹಿಂದೆ ಇದ್ದಾನೆ ಅನ್ನುವುದಕ್ಕೆ ನನಗಿದ್ದ ಗುರುತು ಆ ಗುನುಗೊಂದೇ.

ಮೇ ತಿಂಗಳ ಒಂದು ಶನಿವಾರ ಆ ಗುನುಗು ನಿಂತಿತು. ಸಮುದ್ರದ ದಡದ ಕೋಟೆ, ಹೆಬ್ಬಾಗಿಲಿನಿಂದ ಕಂದಕದ ಮೇಲೆ ಮರದ ಹಲಗೆಯ ಇಳಿಜಾರು. ಹಾಡಿನ ಸಾಲು ಅರ್ಧಕ್ಕೆ ಕಡಿಯಿತು. ಅಪ್ಪ ಉಸಿರೆಳೆದುಕೊಳ್ಳುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಕುರ್ಚಿ ತಾನಾಗಿ ಹೊರಟಿತು. ಹಲಗೆಗಳು ಚಕ್ರದ ಕೆಳಗೆ ಗಡಗಡ ಅಂದವು. ತುದಿಯ ಕಂಬಿಗೆ ನನ್ನ ಮೊಣಕಾಲು ಬಡಿದು ಕುರ್ಚಿ ನಿಂತಿತು.

ತಿರುಗಿ ನೋಡಿದರೆ ಅಪ್ಪ ಮೇಲೆ ನಿಂತಿದ್ದ. ಎರಡು ಕೈಯೂ ಹಿಡಿಕೆ ಹಿಡಿದ ಹಾಗೆಯೇ ಮುಂದಕ್ಕೆ ಚಾಚಿದ್ದವು, ನಡುವೆ ಹಿಡಿಕೆ ಇರಲಿಲ್ಲ. ಕಣ್ಣು ತೆರೆದಿತ್ತು. ಸ್ವಲ್ಪ ಹೊತ್ತಿಗೆ ಹಾಡು ಬಿಟ್ಟಲ್ಲಿಂದಲೇ ಮುಂದುವರಿಯಿತು. ಎರಡು ಹೆಜ್ಜೆ ಇಟ್ಟಮೇಲೆ ಕೈಯಲ್ಲಿ ಏನೂ ಇಲ್ಲವೆಂದು ಅವನಿಗೆ ಗೊತ್ತಾಯಿತು.

"ಯಾಕೆ ನೀನೇ ಮುಂದೆ ಹೋದೆ? ಹೇಳಿ ಹೋಗೋದಲ್ವಾ?" ಅಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಮನೆಯಲ್ಲಿ ಮೊಣಕಾಲಿನ ಕಪ್ಪು ಕಲೆ ನೋಡಿ ಮಾಬ್ಲಿ ಏನಾಯಿತು ಅಂತ ಕೇಳಿದಳು. ಮೇಜಿನ ಕಾಲು ತಗುಲಿತು ಅಂದೆ. ನಿಜ ಹೇಳಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಡಾಕ್ಟರು ಬರುತ್ತಾರೆ, ಶನಿವಾರ ನಿಲ್ಲುತ್ತದೆ. ಶನಿವಾರ ನಿಂತರೆ ಅಪ್ಪನಿಗೆ ಉಳಿಯುವುದು ಆಲೂಗಡ್ಡೆ ಸುಲಿಯುವುದು, ಪಾತ್ರೆ ತೊಳೆಯುವುದು, ಅಷ್ಟೆ. ನನಗೋ ಕಿಟಕಿಯ ಪಕ್ಕದ ಮೂಲೆ. ಇನ್ನೊಂದು ಸಲ ಆಗಲಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಆಮೇಲಿನ ಶನಿವಾರಗಳಲ್ಲಿ ನಾನು ಕೋಟೆ ನೋಡಲಿಲ್ಲ, ಕಿವಿಗೊಟ್ಟು ಕೂತಿದ್ದೆ. ಗೋಡೆ, ಬುರುಜು, ಸಮುದ್ರ ಯಾವುದೂ ಕಣ್ಣಿಗೆ ಬೀಳಲಿಲ್ಲ. ಅಪ್ಪ ಉಸಿರು ತೆಗೆದುಕೊಂಡಾಗಲೆಲ್ಲ ನನ್ನ ಬಲಗೈ ಚಕ್ರದ ಅಂಚಿಗೆ ಹೋಗುತ್ತಿತ್ತು. ಹಾಡು ಮುಗಿಯುತ್ತ ಬಂದರೆ ಅಪ್ಪ, ಆ ಇನ್ನೊಂದು ಹೇಳು ಅನ್ನುತ್ತಿದ್ದೆ. ಮಗಳಿಗೆ ಈ ವಯಸ್ಸಿನಲ್ಲಿ ದೇವರ ಮೇಲೆ ಭಕ್ತಿ ಬಂತಲ್ಲ ಅಂತ ಅವನಿಗೆ ಖುಷಿ. ಚಾಪೆಲ್ಲಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬಂದ.

ಜೂನ್ ತಿಂಗಳಲ್ಲಿ ಒಂದು ಸಂಜೆ ಮಾಂಸ ಆಲೂಗಡ್ಡೆಯ ಸಾರು ಊಟ ಮಾಡಿ ಟೀಗೆ ಕೂತಿದ್ದೆವು. ಅಪ್ಪ ಟೀ ಬಗ್ಗಿಸುತ್ತಿದ್ದ. ಬಟ್ಟಲು ತುಂಬಿತು, ತಟ್ಟೆ ತುಂಬಿತು, ಟೀ ಮೇಜಿನ ಬಟ್ಟೆಯ ಮೇಲೆ ಹರಿದು ಗೆರಾಲ್ಟ್‌ನ ತೊಡೆಗೆ ಇಳಿಯಿತು. ಅವನು ಹೌಹಾರಿ ಎದ್ದ. ಮಾಬ್ಲಿ ತಾತನ ಕೈಯಿಂದ ಕೆಟಲು ಬಿಡಿಸಿಕೊಂಡಳು. ಅಪ್ಪ ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಬಟ್ಟೆ ನೋಡಿ, ಏನೋ ಯೋಚನೆ ಮಾಡ್ತಾ ಇದ್ದೆ ಅಂದ.

"ತಾತ, ಯೋಚನೆ ಮಾಡೋರು ಕರೆದ್ರೆ ತಿರುಗ್ತಾರೆ. ನಾನು ಎಷ್ಟು ಸಲ ಕರೆದೆ ಗೊತ್ತಾ?"

ಆಮೇಲೆ ಅವಳು ನನ್ನನ್ನು ಮಲಗಿಸಲು ಬಂದಾಗ, ಹೊರಗೆ ಹೋದಾಗಲೂ ಹೀಗೆ ಆಗುತ್ತದಾ ಅಂತ ಕೇಳಿದಳು. ಇಲ್ಲ ಅಂದೆ. ನನ್ನ ಕಾಲನ್ನು ಹಾಸಿಗೆ ಮೇಲಿಟ್ಟು ಅವಳು ನನ್ನ ಮುಖ ನೋಡಿದಳು. ಹದಿನೇಳು ವರ್ಷದ ಹುಡುಗಿಗೆ ಅಷ್ಟು ಸೂಕ್ಷ್ಮ ಇರಬಾರದು.

ಆ ವಾರವೇ ಅಪ್ಪ ಹೊಸ ಯೋಜನೆ ತಂದ. ಬೆಟ್ಟದ ಮೇಲಿನ ಕೋಟೆಗೆ ಹೋಗಬೇಕು. ಅದು ಇಂಗ್ಲಿಷ್ ರಾಜನದಲ್ಲ, ನಮ್ಮ ರಾಜಕುಮಾರ ಕಟ್ಟಿಸಿದ್ದು. ಟಿಕೆಟ್ಟೂ ಇಲ್ಲ, ಕಾವಲೂ ಇಲ್ಲ, ಮರದ ಹಲಗೆಯೂ ಇಲ್ಲ. ಕುರಿ ಓಡಾಡುವ ಬಂಡಿದಾರಿ, ಕೊನೆಗೆ ಬರೀ ಹುಲ್ಲು. ಪರರಾಜನ ಕೋಟೆಗಳಿಗೆಲ್ಲ ಗಾಲಿಕುರ್ಚಿ ಹೋಗುತ್ತದೆ, ನಮ್ಮದಕ್ಕೆ ಮಾತ್ರ ಹೋಗುವುದಿಲ್ಲ ಅಂದರೆ ನಾಚಿಕೆಗೇಡು ಅಂತ ಅವನ ವಾದ. ಗಣಿಯಲ್ಲಿ ಬಂಡೆಯ ಮೇಲೆ ತನ್ನನ್ನು ಕಟ್ಟಿಕೊಂಡು ತೂಗಾಡುತ್ತಿದ್ದ ಹಗ್ಗವನ್ನು ಅಟ್ಟದಿಂದ ಇಳಿಸಿದ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ಕುರ್ಚಿಗೆ. ಹಗ್ಗವಿದ್ದ ಮೇಲೆ ಭಯ ಎಲ್ಲಿಯದು ಅಂದ.

ಮಾಬ್ಲಿ ಕಬಾನ್ ಕರೆದಳು. ಶನಿವಾರದ ತಿರುಗಾಟವನ್ನೇ ನಿಲ್ಲಿಸಬೇಕು ಅನ್ನುವುದು ಅವಳ ಸೂಚನೆ. ಟೀ ಚೆಲ್ಲಿದ್ದು, ಒಲೆಯ ಮೇಲೆ ಹಾಲು ಸೀದದ್ದು, ಎಲ್ಲ ಹೇಳಿದಳು. ಅಧ್ಯಕ್ಷರ ವಿರುದ್ಧ ಅಧ್ಯಕ್ಷರ ಎದುರಿಗೇ ಹೇಳುವುದು ಸುಲಭವಲ್ಲ. ಅಪ್ಪ ಬಾಯಿ ಹಾಕಲಿಲ್ಲ. ನಿಯಮ ನಿಯಮವೇ. ಗೆರಾಲ್ಟ್ ಹೋಗಿಬರಲಿ ಅನ್ನುವ ಕಡೆ. ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಹತ್ತುವಾಗಲೂ ಇಳಿಯುವಾಗಲೂ ಕುರ್ಚಿಗೆ ತಾನೂ ಕೈ ಹಾಕುತ್ತೇನೆ ಅಂದ.

"ಮಾವ ಮನೇಲಿ ಕೂತ್ರೆ ಆರೇ ತಿಂಗಳಲ್ಲಿ ಹಾಸಿಗೆ ಹಿಡೀತಾರೆ. ಅದೂ ನೋಡ್ಬೇಕಲ್ವಾ?" ಅಂದ.

"ಅಮ್ಮ ಬಿದ್ರೆ?"

"ಇದುವರೆಗೆ ಬಿದ್ದಿದಾಳಾ?"

ಮೂವರೂ ನನ್ನ ಕಡೆ ನೋಡಿದರು. ಒಂದು ಬೇಡ, ಒಂದು ಬೇಕು. ಉಳಿದದ್ದು ನನ್ನ ಕೈ. ಅಪ್ಪ ಗದ್ದ ಎತ್ತಿ, ಗೆಲ್ಲುವುದು ಗೊತ್ತಿರುವವನ ಹಾಗೆ ಕೂತಿದ್ದ. ಆ ಮುಖದ ಮೇಲೆ ನೀರು ಸುರಿಯುವ ಧೈರ್ಯ ನನಗಿರಲಿಲ್ಲ. ಹೋಗೋಣ ಅಂತ ಬಲಗೈ ಎತ್ತಿದೆ. ಮಾಬ್ಲಿ ತಟ್ಟೆ ತೆಗೆದುಕೊಂಡು ಎದ್ದುಹೋದಳು, ಅವತ್ತು ರಾತ್ರಿ ನನ್ನನ್ನು ಮಲಗಿಸಿದ್ದು ಗೆರಾಲ್ಟ್.

ಶನಿವಾರ ಮಾಬ್ಲಿಗೆ ಹೋಟೆಲಿನ ಕೆಲಸ. ನಾವು ಮೂವರೇ ಹೊರಟೆವು. ಗೆರಾಲ್ಟ್ ಬೆಳಗಿನ ಪಾಳಿ ಮುಗಿಸಿ ಬಂದವನು, ಕಣ್ಣು ಕೆಂಪಗಿತ್ತು. ಹತ್ತುವಾಗ ಅವನು ಹಿಂದಿನಿಂದ ತಳ್ಳಿದ, ಅಪ್ಪ ಹಗ್ಗ ಹೆಗಲಿಗೆ ಹಾಕಿ ಮುಂದಿನಿಂದ ಎಳೆದ. ಕುರಿಗಳು ದಾರಿಯಲ್ಲಿ ನಿಂತು ನಮ್ಮನ್ನು ನೋಡಿದವು. ಮೇಲೆ ಹೋದರೆ ನೋಡಲು ಹೆಚ್ಚೇನೂ ಇರಲಿಲ್ಲ. ಮೊಣಕಾಲೆತ್ತರದ ಗೋಡೆ, ಒಂದು ಬುರುಜಿನ ಅರ್ಧ, ನಡುವೆ ಹುಲ್ಲು. ಆದರೆ ಹತ್ತಲು ಬುರುಜೇ ಇಲ್ಲದ ಕೋಟೆಯಲ್ಲಿ ಅಪ್ಪನಿಗೆ ಕಂಡದ್ದೆಲ್ಲ ನನಗೂ ಕಂಡಿತು. ಕೆಳಗೆ ಕಣಿವೆ, ಆಚೆ ಬೂದು ಬಣ್ಣದ ಗಣಿಯ ಗುಡ್ಡ, ಅದರಾಚೆ ಕಡಲು. ನಾನು ಕಿವಿ ಮುಚ್ಚಿ ಕಣ್ಣು ಬಿಟ್ಟು ಕೂತಿದ್ದು ಎಷ್ಟೋ ವಾರಗಳ ಮೇಲೆ ಅವತ್ತೇ. ಅಪ್ಪ ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚಿ, ಇದು ನಮ್ಮನೆ ಅಂದ.

ಆಗ ಕೆಳಗಿನಿಂದ ಹಾರ್ನ್ ಕೇಳಿಸಿತು. ನಮ್ಮ ಕಾರು ತೋಟದ ಗೇಟಿಗೆ ಅಡ್ಡ ನಿಂತಿತ್ತು, ರೈತನ ಟ್ರ್ಯಾಕ್ಟರು ಹೋಗಬೇಕಿತ್ತು. ಕಾರು ಸರಿಸಿ ಬರುತ್ತೇನೆ, ಅಲ್ಲಾಡಬೇಡಿ ಅಂತ ಹೇಳಿ ಗೆರಾಲ್ಟ್ ಇಳಿದುಹೋದ. ಟೀ ಮುಗಿಯಿತು, ಅವನು ಬರಲಿಲ್ಲ. ಕಾರು ಸರಿಸಿ, ಒಂದು ನಿಮಿಷ ಅಂತ ಸೀಟಿಗೆ ಒರಗಿದವನು ನಿದ್ದೆ ಹೋಗಿದ್ದನಂತೆ. ಅದು ಆಮೇಲೆ ಗೊತ್ತಾಯಿತು. ಸೋನೆ ಹನಿಯತೊಡಗಿತು. ನನ್ನ ಮಡಿಲಿನ ಕಂಬಳಿ ಒದ್ದೆಯಾಯಿತು. ಅಪ್ಪ ಹಗ್ಗವನ್ನು ಕುರ್ಚಿಗೆ ಕಟ್ಟಿ ಇನ್ನೊಂದು ತುದಿ ಸೊಂಟಕ್ಕೆ ಸುತ್ತಿದ.

"ಗೆರಾಲ್ಟ್ ಬರ್ಲಿ ಅಪ್ಪ."

"ನೆಂದ್ರೆ ನಿನಗೆ ಆಗಲ್ಲ. ಬಂಡೆ ಮೇಲೆ ಮೂವತ್ತು ವರ್ಷ ನೇತಾಡಿದೀನಿ, ಈ ಕುರಿದಾರಿ ನನಗೇನು ಲೆಕ್ಕ."

ಹೊರಟೇಬಿಟ್ಟ. ಹಾಡೂ ಶುರುವಾಯಿತು. ನಾನು ಒಂದೊಂದೇ ಪದ ಎಣಿಸುವವಳ ಹಾಗೆ ಕೇಳುತ್ತಿದ್ದೆ. ದಾರಿ ತಿರುಗುವ ಕಡೆ ಎಡಕ್ಕೆ ಕಡಿದಾದ ಇಳಿತ, ಕೆಳಗೆ ಕಲ್ಲಿನ ಗೋಡೆ. ಅಲ್ಲಿಗೆ ಬಂದಾಗ ಎರಡನೆಯ ಚರಣದ ನಡುವೆ ಗುನುಗು ನಿಂತಿತು.

ಈ ಸಲ ನಾನು ಕಾಯಲಿಲ್ಲ. ಎರಡು ಕೈಯಿಂದಲೂ ಚಕ್ರದ ಅಂಚು ಹಿಡಿದೆ. ಕುರ್ಚಿ ಜಾರಿತು, ಹಗ್ಗ ಬಿಗಿಯಿತು. ಹಿಂದೆ ಅಪ್ಪನ ಬೂಟು ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಎಳೆದುಕೊಂಡು ಬರುವುದು ಕೇಳಿಸಿತು. ನಾನು ಬಿದ್ದರೆ ಅವನನ್ನೂ ಎಳೆದುಕೊಂಡೇ ಬೀಳುತ್ತೇನೆ ಅನ್ನುವುದು ಆಗ ಹೊಳೆಯಿತು. ಬ್ರೇಕು ಹಾಕಲು ಬಲಗೈ ಬಿಟ್ಟರೆ ಕುರ್ಚಿ ಎಡಕ್ಕೆ ತಿರುಗುತ್ತಿತ್ತು, ಎಡಕ್ಕೆ ನೆಲವೇ ಇರಲಿಲ್ಲ. ಅಪ್ಪ ಅಂದೆ. ಅಪ್ಪ, ಅಪ್ಪ ಅಂದೆ. ಎಡಗೈ ಹಿಡಿತ ಬಿಡುತ್ತ ಬಂತು. ಮೊಣಕೈಯನ್ನೇ ಚಕ್ರದ ಕಡ್ಡಿಗಳ ನಡುವೆ ತುರುಕಿದೆ. ಬಲ ಅಂಗೈಯ ಚರ್ಮ ಕಿತ್ತುಬಂತು. ಎಲ್ಲ ನಿಂತಿತು. ಮಳೆಯ ಶಬ್ದ ಬಿಟ್ಟರೆ ಏನೂ ಇರಲಿಲ್ಲ. ನನಗೆ ಜೀವಮಾನದಲ್ಲಿ ಅಷ್ಟು ಭಯ ಆದದ್ದಿಲ್ಲ, ಕಾಯಿಲೆಯ ಹೆಸರು ಕೇಳಿದ ದಿನವೂ ಆಗಿರಲಿಲ್ಲ.

ಎರಡನೆಯ ಚರಣ ನಿಂತಲ್ಲಿಂದ ಮುಂದುವರಿಯಿತು. ಅಪ್ಪ ಹಿಡಿಕೆ ಹಿಡಿದ, ಕುರ್ಚಿ ನೆಟ್ಟಗೆ ಮಾಡಿದ, ಹಾಡುತ್ತಲೇ ಕೆಳಗಿಳಿಸಿದ. ಕಾರಿನ ಹತ್ತಿರ ನನ್ನ ಕೈ ನೋಡಿ ಅವನ ಮುಖ ಬಿಳುಪೇರಿತು.

"ಏನಾಯ್ತೇ ಕೈಗೆ?"

ಚಕ್ರಕ್ಕೆ ಸಿಕ್ಕಿತು ಅಂದೆ. ಅಪ್ಪ ತನ್ನ ಕರವಸ್ತ್ರ ಹರಿದು ಕಟ್ಟಿದ. ನನಗೆ ನೋವಾಗಬಾರದೆಂದು ಊದಿ ಊದಿ ಕಟ್ಟಿದ. ಗೆರಾಲ್ಟ್ ಕಣ್ಣುಜ್ಜಿಕೊಂಡು ಒಂದು ಸಲ ನನ್ನನ್ನೂ ಒಂದು ಸಲ ಬೆಟ್ಟವನ್ನೂ ನೋಡಿದ.

ಭಾನುವಾರ ಕುರಿಮಾಂಸ, ಬಟಾಣಿ, ಆಮೇಲೆ ಪಾಯಸ. ಮಾಬ್ಲಿ ನನಗೆ ಮಾಂಸ ಕತ್ತರಿಸಿ ಕೊಟ್ಟಳು, ಕೈಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪಾಯಸದ ಪಾತ್ರೆ ಮೇಜಿನ ಮೇಲೆ ಬಂದಾಗ ನಾನು ಬಲಗೈ ಎತ್ತಿದೆ.

"ಅಧ್ಯಕ್ಷರೇ, ನಾನು ಮಾತಾಡ್ಬೇಕು."

ಅಪ್ಪ ಚಮಚ ಕೆಳಗಿಟ್ಟ. ಶುರುಮಾಡಿದ ಮೇಲೆ ನಿಲ್ಲಿಸುವುದು ಸಾಧ್ಯವಿರಲಿಲ್ಲ, ಯಾಕೆಂದರೆ ಯಾರೂ ಅಡ್ಡ ಬರುವಂತಿರಲಿಲ್ಲ. ಮರದ ಹಲಗೆಯ ಇಳಿಜಾರಿನಿಂದ ಹಿಡಿದು ಬೆಟ್ಟದ ತಿರುವಿನವರೆಗೆ ಎಲ್ಲ ಹೇಳಿದೆ. ಮಾಬ್ಲಿಗೆ ಹೇಳಿದ ಸುಳ್ಳುಗಳನ್ನೂ ಹೇಳಿದೆ. ಅವಳು ಎದುರಿದ್ದ ತಟ್ಟೆಯನ್ನು ದೂರ ಸರಿಸಿದಳು. ಗೆರಾಲ್ಟ್ ತಲೆ ಬಗ್ಗಿಸಿದ. ಕರವಸ್ತ್ರ ಬಿಚ್ಚಿ ಅಂಗೈಯನ್ನು ಮೇಜಿನ ಮೇಲೆ ಇಟ್ಟೆ. ಹೇಳುವುದು ಇಷ್ಟೇ ಅಂದೆ.

ಅಪ್ಪ ಅಂಗೈ ನೋಡುತ್ತ ಕೂತ.

"ಎಷ್ಟು ಹೊತ್ತು?"

"ನೀನು ಒಂದು ಸಾಲು ಹಾಡೋಷ್ಟು ಹೊತ್ತು ಅಪ್ಪ. ಒಂದೊಂದು ಸಲ ಅದಕ್ಕಿಂತ ಜಾಸ್ತಿ."

"ನನಗೆ ಗೊತ್ತೇ ಆಗ್ಲಿಲ್ಲ" ಅಂದ. ಆಮೇಲೆ ನಿಧಾನವಾಗಿ ಹೇಳಿದ: "ಬಂಡೆ ಮೇಲೆ ಒಬ್ಬನ ಕೈ ಸೋತ್ರೆ ಅವ್ನೇ ಹೇಳ್ಬೇಕು. ಅವನಿಗೇ ಗೊತ್ತಾಗ್ದಿದ್ರೆ ಪಕ್ಕದೋನು ಹೇಳ್ಬೇಕು. ಪಕ್ಕದೋನು ನಾಚ್ಕೊಂಡು ಸುಮ್ನಿದ್ರೆ ಇಬ್ರೂ ಹೋಗ್ತಿದ್ರು. ಹಂಗೆ ಹೋದೋರನ್ನ ನಾನು ಹೊತ್ತಿದೀನಿ."

ಗಂಟಲು ಸರಿಮಾಡಿಕೊಂಡು ಅಧ್ಯಕ್ಷರ ದನಿಯಲ್ಲಿ ಸೂಚನೆ ಮಂಡಿಸಿದ. ಇದ್ವಾಲ್ ಇನ್ನು ಮುಂದೆ ಯಾವ ಕಾರಣಕ್ಕೂ ತನ್ನ ಮಗಳು ಮೆಲೆರಿಯ ಕುರ್ಚಿ ತಳ್ಳತಕ್ಕದ್ದಲ್ಲ, ಡಾಕ್ಟರ ಹತ್ತಿರ ಹೋಗತಕ್ಕದ್ದು, ಒಪ್ಪುವವರು ಕೈ ಎತ್ತಿ. ಯಾರೂ ಎತ್ತಲಿಲ್ಲ. ಮೊನ್ನೆ ಇದನ್ನೇ ಕೇಳಿದ್ದ ಮಾಬ್ಲಿ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ನನ್ನ ಕೈ ಕಲ್ಲಾಗಿತ್ತು.

ಅಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಮೇಜಿನ ಅಂಚು ಹಿಡಿದು ಎದ್ದ. ತಲೆಕಡೆಯ ಜಾಗ ಬಿಟ್ಟು ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈ ಎತ್ತಿದ.

"ಒಂದು" ಅಂದ.

ಆಮೇಲೆ ನಾನು ಎತ್ತಿದೆ. ಗೆರಾಲ್ಟ್ ಎತ್ತಿದ. ಮಾಬ್ಲಿ ಅಳುತ್ತ ಎತ್ತಿದಳು.

ತಲೆಕಡೆ ಖಾಲಿ ಬಿಡಬಾರದು ಅಂತ ಅಪ್ಪನೇ ನೆನಪಿಸಿದ. ಮೆಲೆರಿ ಬರಲಿ, ಅವಳೇನು ಕುರ್ಚಿ ಕೇಳುವವಳಲ್ಲ, ತಂದುಕೊಂಡೇ ಬರುತ್ತಾಳೆ ಅಂದ. ಗೆರಾಲ್ಟ್ ಅರ್ಧ ನಕ್ಕು ನಿಲ್ಲಿಸಿದ. ಮಾಬ್ಲಿ ನನ್ನನ್ನು ತಳ್ಳಿಕೊಂಡು ಹೋಗಿ ತಲೆಕಡೆ ನಿಲ್ಲಿಸಿ, ಪಾಯಸದ ಕೆನೆಯನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ಎರಡು ಭಾಗ ಮಾಡಿ ಒಂದನ್ನು ಸ್ಟೂಲಿನ ಕಡೆ ಕಳಿಸಿದೆ. ಅಧ್ಯಕ್ಷರೇ ನಿಯಮ ಮುರಿದರು ಅಂತ ಅಪ್ಪ ಗೊಣಗಿದ, ತಿಂದ.

ಊಟ ಆದಮೇಲೆ ಯಾರು ಬೇಡವೆಂದರೂ ಕೇಳದೆ ಪಾತ್ರೆ ತೊಳೆಯಲು ನಿಂತ. ನಮ್ಮ ಕಡೆ ಬೆನ್ನು. ನಲ್ಲಿ ತಿರುಗಿಸಿದ, ಗುನುಗು ಶುರುವಾಯಿತು. ಅದೇ ಹಾಡು. ನಾವು ಮೂವರೂ ಮೇಜಿನ ಸುತ್ತ ಏನೋ ಮಾತಾಡಿಕೊಳ್ಳುತ್ತಿದ್ದೆವು, ಡಾಕ್ಟರಿಗೆ ಯಾವಾಗ ಫೋನ್ ಮಾಡುವುದು ಅಂತ.

ಎರಡನೆಯ ಚರಣದಲ್ಲಿ ಗುನುಗು ನಿಂತಿತು.

ಗೆರಾಲ್ಟ್‌ನ ಮಾತು ಬಾಯಲ್ಲೇ ಉಳಿಯಿತು. ಇಷ್ಟು ದಿನ ಈ ಮೌನವನ್ನು ನಾನೊಬ್ಬಳೇ ಕೇಳುತ್ತಿದ್ದೆ, ಈಗ ಅವರ ಮುಖದಲ್ಲೂ ಅದೇ ಭಯ ಕಂಡಿತು. ನೀರು ಹರಿಯುತ್ತಲೇ ಇತ್ತು, ತೊಟ್ಟಿ ತುಂಬಿ ಅಂಚಿಗೆ ಬಂದಿತ್ತು. ಮಾಬ್ಲಿ ಎದ್ದುಹೋಗಿ ನಲ್ಲಿ ನಿಲ್ಲಿಸಿದಳು. ತಾತನ ಕೈಯಿಂದ ತಟ್ಟೆ ಬಿಡಿಸಿಕೊಂಡು, ಖಾಲಿಯಾದ ಆ ಕೈಯನ್ನು ಹಿಡಿದುಕೊಂಡು ನಿಂತಳು. ಚಾಪೆಲ್ಲಿನ ಹಾಡು ನನಗೆ ಒಂದೂ ಬರಲ್ಲ ಅನ್ನುತ್ತಿದ್ದ ಹುಡುಗಿ, ಅವನು ನಿಲ್ಲಿಸಿದ ಸಾಲನ್ನು ಸಣ್ಣ ದನಿಯಲ್ಲಿ ಮುಂದಕ್ಕೆ ಹೇಳತೊಡಗಿದಳು. ಅವಳು ಆ ಸಾಲು ಮುಗಿಸಿದಳು, ಮುಂದಿನದನ್ನೂ ಹೇಳಿದಳು. ಚರಣ ಮುಗಿಯುವ ಹೊತ್ತಿಗೆ ಅಪ್ಪನ ಕೆಳದನಿ ಬಂದು ಅವಳ ದನಿಗೆ ಸೇರಿಕೊಂಡಿತು.